ಎತ್ತದ ಭಂಡಾರ

ಮಲಕಪ್ಪ ವರ್ಷಗಟ್ಟಲೆ ಹಣೆಗೆ ಭಂಡಾರ ಹಚ್ಚಲಿಲ್ಲ. ಇಂಡಿ ತಾಲೂಕಿನಿಂದ ಪುಣೆಗೆ ಬಂದು ಏಸಿ ರಿಪೇರಿ ಕಲಿತ ಮನುಷ್ಯ ಅವನು. ಮನೆದೇವರು ಮೈಲಾರಲಿಂಗ, ಇಲ್ಲಿಯವರ ಬಾಯಲ್ಲಿ ಖಂಡೋಬ. ಆ ದೇವರ ಅರಿಶಿಣಪುಡಿಯೇ ಭಂಡಾರ. ಆ ಒಕ್ಕಲಿನವರು ಬೆಳಗ್ಗೆ ಚಹಾ ಬಿಟ್ಟಾರು, ಹಣೆಯ ಭಂಡಾರ ಬಿಡುವುದಿಲ್ಲ. ಇವನು ಬಿಟ್ಟ. ಸೋಮವತಿ ಅಮಾವಾಸ್ಯೆಗೆ ಹೆಂಡತಿ ಕಲ್ಲವ್ವನ ಜೊತೆ ಖಂಡೋಬನ ಬೆಟ್ಟ ಜೇಜೂರಿಗೆ ಹೋಗುತ್ತಿದ್ದ. ಅವಳು ಮೆಟ್ಟಿಲು ಹತ್ತಿ ಹೋದರೆ ತಾನು ಕೆಳಗೆ ಚಹಾದಂಗಡಿಯ ಬೆಂಚಿನ ಮೇಲೆ ಕೂತಿರುತ್ತಿದ್ದ. ಯಾರಾದರೂ ಹಚ್ಚಲು ಬಂದರೆ, "ನನ್ನ ಕಳ್ಳ ಅಂದವರು ತಮ್ಮ ಬಾಯಿಲೆ ಅಲ್ಲ ಅನ್ನೂತನಕ ಬ್ಯಾಡ" ಎಂದು ಮುಖ ತಿರುಗಿಸುತ್ತಿದ್ದ.

ಕಳ್ಳ ಅಂದದ್ದು ನಮ್ಮ ಮನೆಯಲ್ಲಿ. ಅದಕ್ಕೇ ಅವನ ಕತೆ ಹೇಳುವ ಕರ್ಮ ನನಗೆ ಬಂದಿದೆ.

ನಾನು ಮಾರ್ತಾಂಡ. ಊರು ಗೋಕಾಕ, ಕೆಲಸ ಸ್ವಾರ್‌ಗೇಟಿನ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತಿಕೆ, ಮನೆ ಬಿಬವೇವಾಡಿಯಲ್ಲಿ ಮೂರನೆಯ ಮಹಡಿ. ತೊಂಬತ್ತೆರಡರಲ್ಲಿ ಗುಮಾಸ್ತನ ಮನೆಗೆ ಏಸಿ ಬಂದದ್ದು ಕಂಡು ಓಣಿಯವರು ಹುಬ್ಬೇರಿಸಿದ್ದರು. ಅವರಿಗೇನು ಗೊತ್ತು. ನಮ್ಮ ಮಗಳು ಸಾಯಲಿಗೆ ಹುಟ್ಟಿನಿಂದ ಬೆವರು ಬರುವುದಿಲ್ಲ. ಹೊರಗಿನ ಬಿಸಿ ಏರಿದರೆ ಮೈಯೂ ಏರುತ್ತದೆ, ಇಳಿಯುವ ದಾರಿಯೇ ಇಲ್ಲ. ಡಾಕ್ಟರರು ಔಷಧ ಬರೆಯುವ ಚೀಟಿಯಲ್ಲಿ 'ಏರ್ ಕಂಡೀಶನರ್' ಎಂದು ಬರೆದುಕೊಟ್ಟಿದ್ದರು. ನಾವು ಮಾರ್ಕೆಟ್ ಯಾರ್ಡಿನ ರಸ್ತೆಯ ಹಿಮಗಂಗಾ ಏಜೆನ್ಸಿಯಿಂದ ಹಿಮಾಲ್ಟ್ ಕಂಪನಿಯ ಕಿಟಕಿ ಏಸಿ ತಂದೆವು.

ಏಜೆನ್ಸಿಯ ಮಾಲಕ ಸುಂದರಶೇಠ. ಅವನೂ ನಮ್ಮ ಕಡೆಯವನೇ, ಖಂಡೋಬನ ಒಕ್ಕಲು. ಹಣೆಯ ತುಂಬ ಅಂಗೈ ಅಗಲ ಭಂಡಾರ. ಹೊಸ ಮಷೀನು ಕೂಡಿಸಿದ ಮನೆಗೆ ತಾನೇ ಬಂದು, ಅದರ ಜಾಳಿಗೆಗೆ ಭಂಡಾರ ಹಚ್ಚಿ, ಕಾಯಿ ಒಡೆದು, 'ಯೇಳ್ಕೋಟ್ ಯೇಳ್ಕೋಟ್' ಎಂದು ಕೂಗಿಯೇ ಸ್ವಿಚ್ ಹಾಕುತ್ತಿದ್ದ. ಗಿರಾಕಿಗಳು ಮೆಚ್ಚಿ ಕೈ ಮುಗಿಯುತ್ತಿದ್ದರು. ನಾನೂ ಮುಗಿದಿದ್ದೆ. ಮಲಕಪ್ಪ ಅವನ ಹತ್ತಿರ ಒಂಬತ್ತು ವರ್ಷದಿಂದ ಮೆಕ್ಯಾನಿಕ್.

ತೊಂಬತ್ತನಾಲ್ಕರ ಮೇ ತಿಂಗಳಲ್ಲಿ ಮಷೀನಿನ ಕಂಪ್ರೆಸರ್ ಸುಟ್ಟಿತು. ಅದಕ್ಕೆ ಕಂಪನಿಯ ಐದು ವರ್ಷದ ಗ್ಯಾರಂಟಿ ಇತ್ತು. ಮಲಕಪ್ಪ ಹೊಸ ಕಂಪ್ರೆಸರ್ ಹಾಕಿಹೋದ. ಎಂಟನೆಯ ದಿನ ಅದೂ ಸುಟ್ಟಿತು. ಆರು ವರ್ಷದ ಸಾಯಲಿಯ ಮೈಮೇಲೆ ಒದ್ದೆ ಚಾದರ ಹಾಸಿ, ಅದು ಬಿಸಿಯಾದಂತೆ ತೆಗೆದು ಮತ್ತೆ ತೊಯ್ಸಿ ಹಾಸುತ್ತ ನನ್ನ ಹೆಂಡತಿ ಇಂದೂಗೆ ಕೈ ಸೋತುಹೋಯಿತು. ಏಜೆನ್ಸಿಯವರು ನಾಳೆ ನಾಡಿದ್ದು ಎಂದದ್ದರಿಂದ ನಾನು ಬೇರೆ ಮೆಕ್ಯಾನಿಕ್‌ನನ್ನು ಕರೆತಂದೆ. ಅವನು ಬಿಚ್ಚಿ ನೋಡಿ ನಕ್ಕುಬಿಟ್ಟ. ಕಂಪ್ರೆಸರಿನ ಹೊಟ್ಟೆ ಕೊಯ್ದು, ಒಳಗಿನ ತಂತಿ ಬದಲಿಸಿ, ಮತ್ತೆ ವೆಲ್ಡಿಂಗ್ ಮಾಡಿದ ಹಳೆಯ ಮಾಲು. ಮೇಲೆ ಕರಿ ಬಣ್ಣ ಬಳಿದದ್ದು.

ನಾನು ಫೋನಿನಲ್ಲಿ ಅರಚಾಡಿದೆ, ಕಂಪನಿಗೆ ಬರೆಯುತ್ತೇನೆ ಎಂದೆ. ಒಂದು ತಾಸಿನಲ್ಲಿ ಸುಂದರಶೇಠ ಮಲಕಪ್ಪನನ್ನು ಕರೆದುಕೊಂಡು ಬಂದ. ಮಷೀನು ನೋಡಿದ, ನನ್ನ ಹೆಗಲ ಮೇಲೆ ಕೈ ಹಾಕಿ ಹೊರಗಿನ ಗ್ಯಾಲರಿಗೆ ಕರೆದೊಯ್ದು ಎರಡು ನಿಮಿಷ ಮಾತಾಡಿದ. ಒಳಗೆ ಬಂದವನೇ ದನಿ ಏರಿಸಿದ.

"ನಾನು ಕೊಟ್ಟದ್ದು ಕಂಪನಿಯಿಂದ ಬಂದ ಹೊಸಾ ಮಾಲು. ದಾರ್ಯಾಗ ಬದಲಿ ಆಗೇದ. ಯಾರು ಬದಲಿ ಮಾಡ್ಯಾರ, ಖಂಡೋಬನ ಹೇಳ್ಲಿ."

ನಮ್ಮ ದೇವರ ಜಗಲಿಯ ಮೇಲೆ ಭಂಡಾರದ ಹಿತ್ತಾಳೆ ಬಟ್ಟಲಿತ್ತು. ಶೇಠ ಅದನ್ನು ತಂದು ಒಂದು ಬಿಲ್ವದೆಲೆ ಇಟ್ಟು ಮಲಕಪ್ಪನ ಮುಂದೆ ಹಿಡಿದ. ನಮ್ಮಲ್ಲಿ ಬಿಲ್ವದ ಜೊತೆ ಭಂಡಾರ ಎತ್ತಿ ಆಡಿದ ಮಾತಿಗೆ ಎದುರಿಲ್ಲ. ಅಣ್ಣತಮ್ಮಂದಿರ ಹೊಲದ ಜಗಳ ಕೂಡ ಅಲ್ಲಿಗೆ ಮುಗಿಯುತ್ತದೆ.

"ಎತ್ತು ಮಲಕಪ್ಪಾ. ಈ ಕಂಪ್ರೆಸರ್ ಹಳೇದು ಅಂತ ನನಗ ಗೊತ್ತಿದ್ದಿಲ್ಲ ಅಂತ ಹೇಳು. ಅಷ್ಟ ಸಾಕು."

ಎಂಥ ಬೆಣ್ಣೆ ಮಾತು ನೋಡಿ. ನೀನು ಕದ್ದಿಲ್ಲ ಅನ್ನು ಎಂದು ಕೇಳಿದ್ದರೆ ಮಲಕಪ್ಪ ಎರಡೂ ಕೈಯಿಂದ ಎತ್ತುತ್ತಿದ್ದ. ಶೇಠ ಕೇಳಿದ್ದು ಗೊತ್ತಿತ್ತೋ ಇಲ್ಲವೋ ಎಂದು. ಬಣ್ಣದ ಕೆಳಗೆ ವೆಲ್ಡಿಂಗಿನ ಗೆರೆ ಕಂಡರೂ, ಮಾಲಕ ಕೊಟ್ಟದ್ದನ್ನು ಹಾಕುವುದು ನನ್ನ ಕೆಲಸ ಎಂದು ಮಲಕಪ್ಪ ಬಾಯಿ ಮುಚ್ಚಿಕೊಂಡು ಹಾಕಿದ್ದ. ಗೊತ್ತಿತ್ತು ಅವನಿಗೆ. ಗೊತ್ತಿದ್ದವನು ಗೊತ್ತಿರಲಿಲ್ಲ ಎಂದು ಭಂಡಾರ ಎತ್ತುವುದು ಹೇಗೆ? ಕೈ ಬಟ್ಟಲಿನ ತನಕ ಹೋಯಿತು, ನಡುಗಿತು, ಹಿಂದೆ ಬಂತು. "ಶೇಠ, ನೀವ ಕೊಟ್ಟದ್ದು..." ಎಂದು ಅವನು ಬಾಯಿ ತೆರೆಯುವಷ್ಟರಲ್ಲಿ ನಾನು ಕಪಾಳಕ್ಕೆ ಹೊಡೆದೆ.

"ಕಳ್ಳ! ನನ್ನ ಮಗಳ ಜೀವದ ಜೋಡಿ ಆಟ ಆಡ್ತಿಯಾ?" ಎಂದೆ. ಬಾಗಿಲಲ್ಲಿ ನೆರೆಯವರೆಲ್ಲ ನಿಂತಿದ್ದರು.

ಅವತ್ತು ಸಂಜೆಯೇ ಹೊಸ ಮಷೀನು ಬಂತು. ಮಲಕಪ್ಪನ ನೌಕರಿ ಹೋಯಿತು. ಭಂಡಾರ ಎತ್ತಲಾರದ ಕಳ್ಳ ಎಂಬ ಮಾತು ಊರಿನ ಎಲ್ಲ ಏಸಿ ಅಂಗಡಿಗೂ ತಲುಪಿತು. ಯಾರೂ ಅವನನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ.

ನಾಲ್ಕು ದಿನ ಬಿಟ್ಟು ಕಲ್ಲವ್ವ ಬಂದಳು. ಹೊಸ್ತಿಲು ದಾಟಲಿಲ್ಲ. "ಹುಡುಗಿ ಆರಾಮ ಇರ್ಲಿ, ಆಕೀದೇನ ತಪ್ಪಿಲ್ಲ" ಎಂದಳು. "ಆದ್ರ ಯಣ್ಣಾ, ಒಂದ ಮಾತ ಕೇಳ್ತೀನಿ. ನನ್ನ ಗಂಡ ಕಳ್ಳ ಆಗಿದ್ರ ಭಂಡಾರ ಎತ್ತಿ ಸುಳ್ಳ ಹೇಳಿ ನೌಕರಿ ಉಳಿಸ್ಕೋತಿದ್ದಿಲ್ಲೇನು? ಕಳ್ಳರ ಕೈ ಎಂದಾದ್ರೂ ನಡಗತಾವ?" ನಾನು ಬಾಗಿಲು ಹಾಕಿದೆ.

ಆಮೇಲೆ ಹನ್ನೊಂದು ವರ್ಷ ಅವರ ಸುದ್ದಿ ನನಗೆ ಬೇಕಾಗಲಿಲ್ಲ. ಎರಡು ಸಾವಿರದ ಐದರ ಏಪ್ರಿಲ್ ಕೊನೆಗೆ ಮಷೀನು ಗುರುಗುರು ಎಂದು ನಿಂತಾಗ ಬೇಕಾಯಿತು. ಹಂಗಾಮು ಜೋರು. ಯಾವ ಮೆಕ್ಯಾನಿಕ್‌ಗೆ ಫೋನ್ ಮಾಡಿದರೂ ವಾರ ಬಿಟ್ಟು ಬರುತ್ತೇನೆ ಎನ್ನುವವರೇ. ಸಾಯಲಿಗೆ ಆಗ ಹದಿನೇಳು. ಒದ್ದೆ ಓಢಣಿ ತಲೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಧನಕವಡಿಯ ಕಾಲೇಜುಗಳ ಹಿಂದೆ ಒಬ್ಬ ಕನ್ನಡದವ ಇದ್ದಾನೆ, ಹಾಸ್ಟೆಲ್‌ಗಳ ನೀರಿನ ಕೂಲರ್ ರಿಪೇರಿ ಮಾಡುತ್ತಾನೆ ಎಂದು ಯಾರೋ ಹೇಳಿದರು. ಸ್ಕೂಟರ್ ಹತ್ತಿ ಹೋದೆ. ತಗಡಿನ ಶೆಡ್ಡು, ಒಳಗೆ ಕಂಪ್ರೆಸರಿನ ಹೊಟ್ಟೆ ಕೊಯ್ಯುತ್ತ ಕೂತಿದ್ದವನು ತಲೆ ಎತ್ತಿದ. ಮಲಕಪ್ಪ. ಹಣೆ ಬರಿದು.

ನನಗೆ ಓಡಿಹೋಗಬೇಕೆನಿಸಿತು. ಅವನು ಕೈ ಒರೆಸಿಕೊಂಡು ಎದ್ದ.

"ಬರ್ರಿ ರಾಯರ. ಸಾಯಲಿ ಹೆಂಗದಾಳ?"

ಮೊದಲ ಮಾತೇ ಅದು. ಸಂಜೆಗೆ ತನ್ನ ಶೆಡ್ಡಿನಲ್ಲಿದ್ದ ಕಿಟಕಿ ಏಸಿಯನ್ನು ರಿಕ್ಷಾದಲ್ಲಿ ತಂದು ತಾತ್ಕಾಲಿಕವಾಗಿ ಕೂಡಿಸಿಕೊಟ್ಟ. ನಮ್ಮ ಹಳೆಯದನ್ನು ಬಿಚ್ಚಿ ನೋಡಿ, ಇದರ ಆಯುಷ್ಯ ಮುಗಿದದ, ಹೊಸದು ನೋಡ್ರಿ ಎಂದ. ಇಂದೂ ನೀರು ತಂದಳು. "ಆತ್ರಿ ಅಕ್ಕಾರ" ಎಂದ, ಲೋಟ ಮುಟ್ಟಲಿಲ್ಲ.

ಆ ವಾರವೆಲ್ಲ ನಮ್ಮ ಮನೆಯಲ್ಲಿ ಬ್ರ್ಯಾಂಡಿನ ಜಗಳ. ಆಗ ಸ್ಪ್ಲಿಟ್ ಏಸಿಗಳು ಬಂದಿದ್ದವು, ಒಂದು ಪೆಟ್ಟಿಗೆ ಗೋಡೆಗೆ, ಒಂದು ಹೊರಗೆ. ಇಂದೂಗೆ ಪರದೇಶದ ಕೊರಿನೊ ಹಿಡಿಸಿತ್ತು, ನೋಡಲು ತೆಳ್ಳಗೆ, ಸದ್ದಿಲ್ಲ. ನನಗೆ ಹಿಮಾಲ್ಟ್ ಮೇಲೆ ಹಳೆಯ ನಂಬಿಕೆ, ಆದರೆ ಅದರ ಏಜೆಂಟ ಇನ್ನೂ ಸುಂದರಶೇಠನೇ. ಬಣ್ಣದ ಕಾಗದಗಳನ್ನೆಲ್ಲ ಮಲಕಪ್ಪನ ಮುಂದೆ ಹರಡಿ ಯಾವುದು ತಗೊಳ್ಳಲಿ ಎಂದೆ.

"ಬ್ರ್ಯಾಂಡ್ ಅಂದ್ರ ಮ್ಯಾಲಿನ ಅಂಗಿರಿ ರಾಯರ" ಎಂದ. "ಕೊರಿನೊ ಛಲೋ ಅದ. ಆದ್ರ ಅದರ ಬೋರ್ಡ್ ಹೋದ್ರ ಮುಂಬೈಯಿಂದ ಬರಬೇಕು, ಹದಿನೈದ ದಿನ. ನಿಮ್ಮ ಮನ್ಯಾಗ ಹದಿನೈದ ತಾಸ ತಡಿಯಂಗಿಲ್ಲ. ಹಿಮಾಲ್ಟ್ ಸದ್ದ ಮಾಡ್ತದ, ಕರೆಂಟ್ ಚೂರ ಹೆಚ್ಚಿಗಿ ತಿಂತದ, ಆದ್ರ ಅದರ ಸಾಮಾನು ಇಲ್ಲೇ ಸಿಗತಾವ. ಹಿಮಾಲ್ಟ್ ತಗೊಳ್ರಿ." ಕಾಗದಗಳನ್ನೆಲ್ಲ ಒಟ್ಟುಮಾಡಿ ನನ್ನ ಕೈಗೆ ಕೊಟ್ಟು, "ಸುಂದರಶೇಠನ ಕಡೇನ ತಗೊಳ್ರಿ" ಎಂದ.

ನಾನು ಅವನ ಮುಖ ನೋಡಿದೆ.

"ಒಬ್ಬರ ತಗೊಂಡ್ರ ಅಂವ ಬರಂಗಿಲ್ಲ, ಈಗ ದೊಡ್ಡ ಮನುಷ್ಯಾ. ನಾಲ್ಕ ಮನಿ ಕೂಡಿ ತಗೊಳ್ರಿ, ಕಾಯಿ ಒಡ್ಯಾಕ ಖುದ್ದ ಬರ್ತಾನ."

ಆಮೇಲೆ ಒಂದೊಂದೇ ಹೇಳಿದ. ಹಳೆಯ ಕಂಪ್ರೆಸರ್ ರಿಪೇರಿ ಮಾಡಿ, ಇದು ಹಳೇದು ಎಂದು ಹೇಳಿಯೇ ಕೊಡುವುದು ಅವನ ಧಂದೆ. ಎರಡು ವರ್ಷದಿಂದ ಒಬ್ಬ ದಲಾಲ ಬಂದು ಸ್ಪ್ಲಿಟ್ ಮಷೀನಿನ ಕಂಪ್ರೆಸರುಗಳನ್ನೆಲ್ಲ ಕೊಂಡೊಯ್ಯುತ್ತಿದ್ದ. ಎಲ್ಲಿಗೆ ಎಂದು ಟೆಂಪೋದವನನ್ನು ಕೇಳಿದರೆ, ಹಿಮಗಂಗಾ ಏಜೆನ್ಸಿಯ ಗೋದಾಮಿಗೆ. ಕೆಟ್ಟು ವಾಪಸ್ ಬಂದ ಮಷೀನುಗಳಿಗೆ ಅವನ್ನು ಹಾಕಿ, ಹೊಸ ಡಬ್ಬಿಯಲ್ಲಿಟ್ಟು ಶೇಠ ಮಾರುತ್ತಿದ್ದ. ಹಳೆ ಚಾಳಿ ಹೋಗಿರಲಿಲ್ಲ, ದೊಡ್ಡದಾಗಿತ್ತು. ಗೊತ್ತಾದ ದಿನದಿಂದ ಮಲಕಪ್ಪ ತನ್ನ ಕೈಯಿಂದ ಹೋಗುವ ಪ್ರತಿ ಕಂಪ್ರೆಸರಿನ ಹಿಂದಿನ ಕಾಲಿಗೆ ಅರದಿಂದ ಮೂರು ಗೀರು ಹಾಕುತ್ತ ಬಂದಿದ್ದ. ಎರಡು ವರ್ಷ! ಕೂಗಾಡಿ ಮೈ ಹಗುರ ಮಾಡಿಕೊಳ್ಳುವ ನನ್ನಂಥವನಿಗೆ ಅಷ್ಟು ದಿನ ಸಿಟ್ಟನ್ನು ಮಡಿಚಿ ಇಟ್ಟುಕೊಳ್ಳಲು ಆಗುತ್ತಿರಲಿಲ್ಲ.

ಶೇಠನ ಮುಂದೂ ಅದೇ ಬಟ್ಟಲು ಹಿಡಿಯುತ್ತೇನೆ ಎಂದ. "ಅಂವ ಭಂಡಾರ ಎತ್ತಲಿಕ್ಕಿಲ್ಲ ಮಲಕಪ್ಪಾ, ಹೆದರ್ತಾನ" ಎಂದೆ.

"ಎತ್ತತಾನ್ರಿ" ಎಂದು ಮೊದಲ ಸಲ ನಕ್ಕ. "ಎತ್ತಬೇಕು. ಅಂವ ಎತ್ತಲಿ ಅಂತ ನಾನು ಹನ್ನೊಂದ ವರ್ಷ ಕಾದೇನಿ."

ನಮ್ಮ ಕಟ್ಟಡದ ಮೂರು ಮನೆಯವರು ಏಸಿ ಹಾಕಿಸಬೇಕೆಂದು ಮಾತಾಡುತ್ತಲೇ ಇದ್ದರು. ಅವರಲ್ಲೊಬ್ಬರು ಎದುರು ಮನೆಯ ನೀರಜಾ, ಧಾರವಾಡದವರು, ಶಾಲೆಯ ಮುಖ್ಯೋಪಾಧ್ಯಾಯಿನಿ. ಅವರ ಬಾಯಿಗೆ ಓಣಿಯೇ ಹೆದರುತ್ತಿತ್ತು. ಮೂವರಿಗೂ ಶೇಠನ ಮೋಸವನ್ನು ಇದ್ದಂತೆ ಹೇಳಿದೆ. ಮಷೀನು ನೋಡಿದ ಮೇಲೇ ಹಣ ಎಂದು ಮಾತಾಯಿತು. ನಾಲ್ಕು ಮಷೀನಿಗೆ ಆರ್ಡರ್ ಕೊಟ್ಟೆವು.

ಭಾನುವಾರ ಬೆಳಗ್ಗೆ ಟೆಂಪೋ ಬಂತು. ಡಬ್ಬಿಗಳನ್ನು ನಮ್ಮ ಪಡಸಾಲೆಯಲ್ಲಿ ಇಳಿಸಿದರು. ಹಿಂದೆಯೇ ಸುಂದರಶೇಠ, ಬಿಳಿ ಸಫಾರಿ, ಹಣೆಯಲ್ಲಿ ಅದೇ ಅಂಗೈ ಅಗಲ ಭಂಡಾರ, ಕೈಯಲ್ಲಿ ಕಾಯಿ. ಡಬ್ಬಿ ಬಿಚ್ಚುತ್ತಿದ್ದಂತೆ ಅಡುಗೆಮನೆಯಿಂದ ಮಲಕಪ್ಪ ಬಂದ. ಶೇಠ ಒಂದು ಕ್ಷಣ ತಡವರಿಸಿದ.

"ಈ ಕಳ್ಳನ್ನ ಯಾಕ ಒಳಗ ಬಿಟ್ಟೀರಿ ರಾಯರ?"

ಮಲಕಪ್ಪ ಟಾರ್ಚ್ ಹಿಡಿದು ಹೊರಗಿನ ಪೆಟ್ಟಿಗೆಗಳ ಜಾಳಿಗೆಯೊಳಗೆ ಒಂದೊಂದಾಗಿ ಬೆಳಕು ಬಿಟ್ಟು ನೋಡಿದ. ಮೂರನೆಯದರ ಹತ್ತಿರ ಸ್ವಲ್ಪ ಹೊತ್ತು ಕೂತ. ಎದ್ದು ಹೋಗಿ ದೇವರ ಜಗಲಿಯಿಂದ ಅದೇ ಹಿತ್ತಾಳೆ ಬಟ್ಟಲು ತಂದ. ಬಿಲ್ವದೆಲೆ ಕಿಸೆಯಲ್ಲೇ ಇತ್ತು.

"ಎತ್ತರಿ ಶೇಠ. ಈ ನಾಲ್ಕೂ ಹೊಸಾವು, ಕಂಪನಿಯಿಂದ ಸೀದಾ ಬಂದಾವ, ನಿಮ್ಮ ಗೋದಾಮಿನ್ಯಾಗ ಬಿಚ್ಚಿಲ್ಲ ಅಂತ ಹೇಳ್ರಿ. ಅಷ್ಟ ಸಾಕು."

ನಾಲ್ಕೂ ಮನೆಯವರು ನೋಡುತ್ತಿದ್ದರು. ಸುಂದರಶೇಠ ಚಪ್ಪಲಿ ಬಿಟ್ಟ, ಕೈ ತೊಳೆದು ಬಂದ, ಮುಷ್ಟಿ ತುಂಬ ಭಂಡಾರ ಎತ್ತಿ ಹಣೆಗೆ ಮುಟ್ಟಿಸಿಕೊಂಡು, "ಖಂಡೋಬನಾಣಿ, ನಾಲ್ಕೂ ಹೊಸಾವು, ನಾನು ಬಿಚ್ಚಿಲ್ಲ" ಎಂದ. ಕೈ ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ. ಕಲ್ಲವ್ವನ ಮಾತು ನನ್ನ ಕಿವಿಯಲ್ಲಿ ಗುಂಯ್‌ಗುಟ್ಟಿತು.

"ಎಲ್ಲಾರೂ ಕೇಳಿದ್ರಿಲ್ಲ?" ಎಂದ ಮಲಕಪ್ಪ. "ಈ ಮೂರನೇ ಮಷೀನಿನ ಕಂಪ್ರೆಸರ್ ನಾನು ಹೋದ ದಸರಾದಾಗ ಕೊಯ್ದು ಕಟ್ಟಿದ್ದು. ಹಿಂದಿನ ಕಾಲಿಗೆ ಮೂರ ಗೀರ ಅದಾವ. ನಡುವಿನ ಗೀರು ಉದ್ದ. ಬಣ್ಣ ಕೆತ್ತಿದ್ರ ಸುತ್ತೂ ವೆಲ್ಡಿಂಗ್ ಸಿಗತದ. ಈಗ ಬಿಚ್ಚತೀನಿ. ನೀರಜಾಬಾಯಾರ, ನೀವ ಟಾರ್ಚ್ ಹಿಡೀರಿ."

ನಾಲ್ಕು ಸ್ಕ್ರೂ ಬಿಚ್ಚಿ ತಗಡು ತೆಗೆದ. ನೀರಜಾ ಕನ್ನಡಕ ಏರಿಸಿ ಬಗ್ಗಿದರು. "ಒಂದು. ಎರಡು. ಮೂರು" ಎಂದು ತರಗತಿಯಲ್ಲಿ ಎಣಿಸುವಂತೆ ಎಣಿಸಿದರು. "ನಡುವಿನದು ಉದ್ದ." ಮಲಕಪ್ಪ ಸ್ಕ್ರೂಡ್ರೈವರಿನಿಂದ ಬಣ್ಣ ಕೆತ್ತಿದ. ಬೆರಳ ದಪ್ಪದ ವೆಲ್ಡಿಂಗ್ ಗೆರೆ ಬೆಳ್ಳಗೆ ಎದ್ದುಬಂತು.

ಶೇಠ ಕಂಪನಿಯವರ ಮೇಲೆ ಹಾಕಲು ನೋಡಿದ. ನೀರಜಾ ಬಿಡಲಿಲ್ಲ. "ನಾನು ಬಿಚ್ಚಿಲ್ಲ ಅಂತ ಭಂಡಾರ ಎತ್ತಿದ್ರಲ್ಲ! ದೇವರಿಗೆ ಹೆದರದವರು ಕಂಪನಿಗಾದ್ರೂ ಹೆದರ್ರಿ" ಎಂದರು. "ಈ ಮನುಷ್ಯಾನ ಕಳ್ಳ ಅಂದ ಬಾಯಿಲೆ ಈಗ ಅಲ್ಲ ಅನ್ರಿ. ಇಲ್ಲಾ, ಈಗ ಪೊಲೀಸರನ್ನ ಕರೀತೀನಿ." ಸುಂದರಶೇಠ ನೆಲ ನೋಡುತ್ತ, "ಮಲಕಪ್ಪ ಕಳ್ಳ ಅಲ್ಲ. ಅದು ನಾನ ಕೊಟ್ಟದ್ದು" ಎಂದ. "ಇನ್ನೊಮ್ಮೆ, ಜೋರಾಗಿ" ಎಂದ ಮಲಕಪ್ಪ. ಶೇಠ ಜೋರಾಗಿ ಹೇಳಿದ. ಮೆಟ್ಟಿಲ ಮೇಲೆ ನಿಂತವರಿಗಾಗಿ ಮಲಕಪ್ಪ ಮರಾಠಿಯಲ್ಲೂ ಹೇಳಿಸಿದ. ನನಗೆ ಹಬ್ಬದೂಟ ಉಂಡಷ್ಟು ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಶೇಠ ಕಾಯಿ ನಮ್ಮ ಪಡಸಾಲೆಯಲ್ಲೇ ಬಿಟ್ಟು ಓಡಿದ. ನಾವು ನಾಲ್ವರೂ ಕಂಪನಿಗೆ ಬರೆದೆವು. ದೀಪಾವಳಿಯೊಳಗೆ ಏಜೆನ್ಸಿ ಹೋಯಿತು. ಆ ಅಂಗಡಿಯಲ್ಲಿ ಈಗ ಸೀರೆಗೆ ಫಾಲ್ ಹಚ್ಚಿಕೊಡುತ್ತಾರೆ. ಮಲಕಪ್ಪ ಅದರ ಎದುರಿನ ಮಳಿಗೆಯನ್ನೇ ಬಾಡಿಗೆಗೆ ಹಿಡಿದು 'ಮೈಲಾರ ಕೂಲಿಂಗ್' ಎಂದು ಬೋರ್ಡ್ ಹಾಕಿಸಿದ. ಅಲ್ಲಿ ಗಿರಾಕಿ ಕಡಿಮೆ, ಆದರೂ ಅಲ್ಲೇ ಬೇಕಿತ್ತು ಅವನಿಗೆ.

ಇನ್ನು ಮೇಲೆ ಹಿಮಾಲ್ಟ್ ಹೆಸರೇ ಬೇಡ, ಕೊರಿನೊ ತರೋಣ ಎಂದು ನಾನು ಹಟ ಹಿಡಿದಿದ್ದೆ. ಮಲಕಪ್ಪ ಬೈದ. "ಮಷೀನ್ ಏನ ಪಾಪ ಮಾಡೇದ್ರಿ? ಸಿಟ್ಟು ಯಾರ ಮ್ಯಾಲೆ ಅದನೋ ಅವರ ಮ್ಯಾಲಷ್ಟ ಇರಬೇಕು." ಔಂಧದ ಬೇರೆ ಡೀಲರನಿಂದ ಹಿಮಾಲ್ಟೇ ಬಂತು. ಅವನೇ ನಿಂತು ಕೂಡಿಸಿದ. ಸ್ವಿಚ್ ಹಾಕಿದಾಗ ಸಾಯಲಿ ಗಾಳಿಗೆ ಮುಖ ಒಡ್ಡಿ ಕಣ್ಣು ಮುಚ್ಚಿದಳು. ಇಂದೂ ಕಾಯಿ ಒಡೆದಳು. ಸೇಡು ತೀರಿತು, ಹಣೆ ತುಂಬಲಿ ಎಂದು ನಾನೇ ಬಟ್ಟಲು ತೆಗೆದುಕೊಂಡು ಅವನ ಹಣೆಗೆ ಹಚ್ಚಲು ಹೋದೆ. ಮಲಕಪ್ಪ ನನ್ನ ಮಣಿಕಟ್ಟು ಹಿಡಿದ.

"ಶೇಠಂದು ಮುಗೀತ್ರಿ. ನಿಮ್ಮದು ಉಳದದ."

ನಾನು ನಕ್ಕೆ. ಅವನು ನಗಲಿಲ್ಲ.

"ಆವತ್ತ ಗ್ಯಾಲರ್ಯಾಗಿಂದ ಬಂದ ನನ್ನ ಹೊಡದ್ರಿ. ಹೊಡಿಯೂ ಮುಂದ ನಾನು ಕಳ್ಳ ಅಂತ ಖರೇನ ನಂಬಿದ್ರಿ? ನಂಬಿದ್ದೆ ಅಂತ ಎತ್ತಿ ಹೇಳ್ರಿ. ಗೊತ್ತಿಲ್ಲದ ಹೊಡದ್ರು ಅಂತ ಬಿಟ್ಟಬಿಡ್ತೀನಿ. ಇಲ್ಲೇ ಭಂಡಾರ ಹಚ್ಕೋತೀನಿ."

ಎಷ್ಟು ಸುಲಭ. ಒಂದು ಮುಷ್ಟಿ ಎತ್ತುವುದು, ಒಂದು ಮಾತು ಆಡುವುದು. ಬಟ್ಟಲು ನನ್ನ ಎಡಗೈಯಲ್ಲೇ ಇತ್ತು. ಬಲಗೈ ಏಳಲಿಲ್ಲ.

ಏಕೆಂದರೆ ಆ ಎರಡು ನಿಮಿಷದಲ್ಲಿ ಸುಂದರಶೇಠ ನನಗೆ ಹೇಳಿದ್ದು ಇಷ್ಟು: "ರಾಯರ, ಕಂಪನಿಗೆ ಬರದ್ರ ವಿಚಾರಣಿ ಆಗಿ ಮಷೀನ್ ಬರಾಕ ತಿಂಗಳ ಹಿಡೀತದ. ತಪ್ಪು ಮಲಕಪ್ಪಂದು ಅಂತ ನೀವೂ ಅನ್ರಿ, ಸಂಜಿಕ ಹೊಸಾ ಮಷೀನ್ ಕೂಡಸ್ತೀನಿ." ಯಾರು ಕಳ್ಳ ಎಂದು ಅಲ್ಲೇ ನನಗೆ ತಿಳಿದಿತ್ತು. ಒಳಗೆ ಮಗು ಕಾದು ಕೆಂಪಾಗಿ ಮಲಗಿತ್ತು. ನಾನು ಹೂಂ ಎಂದೆ. ಒಳಗೆ ಬಂದು, ಮಲಕಪ್ಪ ನಿಜ ಹೇಳಲು ಬಾಯಿ ತೆರೆದಾಗ, ಆ ಬಾಯಿ ಮುಚ್ಚಿಸಲೆಂದೇ ಹೊಡೆದೆ.

ಸಾಯಲಿ ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿದ್ದಳು. ಅವಳ ಮುಂದೆ ಅದನ್ನು ಹೇಳಲು ನಾಲಿಗೆ ಬರಲಿಲ್ಲ. ಸುಳ್ಳು ಹೇಳಲು ಕೈ ಬರಲಿಲ್ಲ.

ಮಲಕಪ್ಪ ಬಹಳ ಹೊತ್ತು ಕಾದ. ಆಮೇಲೆ ನನ್ನ ಕೈಯಿಂದ ಬಟ್ಟಲು ತೆಗೆದು ಜಗಲಿಯ ಮೇಲಿಟ್ಟ. "ಶೇಠ ಆಗಿದ್ರ ಎತ್ತತಿದ್ದ" ಎಂದು ಚೀಲ ಹೆಗಲಿಗೆ ಹಾಕಿಕೊಂಡು ಇಳಿದುಹೋದ.

ಪ್ರತಿ ವರ್ಷ ಮಾರ್ಚ್‌ನಲ್ಲಿ ಕರೆಯದೆಯೇ ಸರ್ವಿಸಿಗೆ ಬರುತ್ತಾನೆ. ಜಾಳಿಗೆ ತೊಳೆಯುತ್ತಾನೆ, ಗ್ಯಾಸ್ ನೋಡುತ್ತಾನೆ, ಸಾಯಲಿಯ ಜೊತೆ ಹರಟೆ ಹೊಡೆಯುತ್ತಾನೆ. ಇಂದೂ ನೀರು ಹಿಡಿದು ನಿಂತರೆ "ಆತ್ರಿ ಅಕ್ಕಾರ" ಎನ್ನುತ್ತಾನೆ. ಹೋಗುವಾಗ ನನ್ನ ಮುಂದೆ ಬಂದು ಒಂದು ಗಳಿಗೆ ನಿಲ್ಲುತ್ತಾನೆ. ನಾನು ಬಿಸಿಲಿನ ಮಾತು ತೆಗೆಯುತ್ತೇನೆ.

ಇದು ಎರಡು ಸಾವಿರದ ಒಂಬತ್ತು. ಈ ಮಾರ್ಚ್‌ನಲ್ಲೂ ಬಂದಿದ್ದ. ಹಣೆ ಬರಿದೇ ಇತ್ತು.